ಸಲಾಂ ಆಯಿತು, ನೀರಿನ ಮಾತು ಯಾವಾಗ?

ಕೆಲವು ವಾರಗಳಿಂದ ನಗರದ ಹಲವು ಮಸೀದಿಗಳ ಗೇಟಿನ ಹೊರಗೆ ಒಂದೇ ದೃಶ್ಯ. ಜುಮಾ ಮುಗಿಸಿ ನಾವು ಚಪ್ಪಲಿ ಹುಡುಕುವಷ್ಟರಲ್ಲಿ ಯಾರೋ ಒಬ್ಬರು ಬಂದು ಎರಡೂ ಕೈಗಳಿಂದ ಕೈ ಹಿಡಿದು ಸಲಾಂ ಹೇಳುತ್ತಾರೆ. "ಈ ಸಲ ನಾನೂ ನಿಲ್ಲುವವ ಇದ್ದೇನೆ, ದುಆ ಮಾಡಿ" ಅನ್ನುತ್ತಾರೆ. ಚುನಾವಣೆಯ ದಿನಾಂಕ ಬಂದಿಲ್ಲ. ಟಿಕೆಟ್ ಯಾರಿಗೆ ಎಂಬುದು ಅವರವರ ಪಕ್ಷಕ್ಕೇ ಗೊತ್ತಿಲ್ಲ. ಆದರೂ ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲಿ ಆಕಾಂಕ್ಷಿಗಳಿಗೇನೂ ಬರ ಇಲ್ಲ.

ಕಳೆದ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲೇ ಮುಗಿದಿದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243 ಯು ವಿಧಿ ಹೇಳುತ್ತದೆ. ಆದರೆ ಸರ್ಕಾರ ಯಾವುದಿದ್ದರೂ ನಮ್ಮಲ್ಲಿ ಇದು ತಡವಾಗುವುದೇ ರೂಢಿ. 2019ರಲ್ಲೂ ತಿಂಗಳುಗಟ್ಟಲೆ ಕಾದ ಮೇಲೆ ನವೆಂಬರ್‌ನಲ್ಲಿ ಮತದಾನವಾಗಿತ್ತು. ಆ ಚುನಾವಣೆಯಲ್ಲಿ ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2 ಸ್ಥಾನ ಗೆದ್ದವು. ಐದು ವರ್ಷದಲ್ಲಿ ಐವರು ಮೇಯರ್‌ಗಳು ಬಂದು ಹೋದರು. ಒಬ್ಬರು ಕಡತ ಓದಿ ಮುಗಿಸುವಷ್ಟರಲ್ಲಿ ಇನ್ನೊಬ್ಬರ ಸರದಿ.

ಈಗ ನಿಲ್ಲುವವರು ಎಂತ ಮಾಡುತ್ತಾರಂತೆ ಎಂದು ನಾವು ಕೆಲವರನ್ನು ಕೇಳಿ ನೋಡಿದೆವು. ಕಾಂಕ್ರೀಟ್ ರಸ್ತೆ. ಮಸೀದಿ ಎದುರು ಇಂಟರ್‌ಲಾಕ್. ಖಬರಸ್ಥಾನಕ್ಕೆ ತಡೆಗೋಡೆ. ಜಂಕ್ಷನ್‌ನಲ್ಲಿ ಹೈಮಾಸ್ಟ್ ದೀಪ. ಪಕ್ಷ ಬದಲಾದರೂ ಪಟ್ಟಿ ಬದಲಾಗಲಿಲ್ಲ. ಅವರನ್ನು ದೂರುವಂತೆಯೂ ಇಲ್ಲ, ಯಾಕೆಂದರೆ ಈ ಪಟ್ಟಿ ಬರೆದುಕೊಟ್ಟದ್ದು ನಾವೇ. ಜಮಾಅತ್ ಕಮಿಟಿಯ ಲೆಟರ್‌ಹೆಡ್‌ನಲ್ಲಿ ಹೋಗುವ ಮನವಿಗಳಲ್ಲಿ ಇರುವುದು ಇಷ್ಟೇ. ಕಣ್ಣಿಗೆ ಕಾಣುವುದು, ಕಲ್ಲು ಹಾಕಿ ಉದ್ಘಾಟನೆ ಮಾಡಬಹುದಾದ್ದು.

ನೀರಿನ ಪೈಪಿಗೆ ಯಾರೂ ಉದ್ಘಾಟನೆಯ ಕಲ್ಲು ಹಾಕುವುದಿಲ್ಲ.

ಮಂಗಳೂರಿನ ನೀರು ಬಂಟ್ವಾಳ ತಾಲೂಕಿನ ತುಂಬೆಯಿಂದ ಬರುತ್ತದೆ. ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟು. ಹಳೆಯದು 4 ಮೀಟರ್ ಎತ್ತರ ಇತ್ತು, ಹೊಸದು 7 ಮೀಟರ್. ನೀರು ನಿಲ್ಲಿಸುವುದು 6 ಮೀಟರಿನವರೆಗೆ. ಮೇಲೆ ಶಂಭೂರಿನಲ್ಲಿ ಇನ್ನೊಂದು ಅಣೆಕಟ್ಟು ಉಂಟು. ಇಷ್ಟಿದ್ದೂ ಮಳೆ ತಡವಾದರೆ ಲೆಕ್ಕ ತಪ್ಪುತ್ತದೆ. 2019ರ ಮೇ ತಿಂಗಳಲ್ಲಿ ರೇಷನಿಂಗ್ ಬಂತು. ಅದು ರಮಝಾನ್ ತಿಂಗಳು. ಅತ್ತಾಳಕ್ಕೆ ಎದ್ದು ಮೊದಲು ನಳ್ಳಿ ತಿರುಗಿಸಿ ನೋಡಿದ, ಮಸೀದಿಯಲ್ಲಿ ವುಝೂಗೆ ನೀರು ಉಳಿಸಿ ಎಂದು ಬೋರ್ಡ್ ಹಾಕಿದ ನೆನಪು ನಮ್ಮಲ್ಲಿ ಹಲವರಿಗೆ ಇದೆ. ಅದೇ ತಿಂಗಳು ಎಂಆರ್‌ಪಿಎಲ್ ಕೂಡ ನೀರಿಲ್ಲದೆ ತನ್ನ ಕೆಲವು ಘಟಕಗಳನ್ನು ನಿಲ್ಲಿಸಿತ್ತು. 2023ರ ಮೇಯಲ್ಲಿ ಮತ್ತೆ ರೇಷನಿಂಗ್.

ರೇಷನಿಂಗ್ ಎಲ್ಲರಿಗೂ ಒಂದೇ ಥರ ತಟ್ಟುವುದಿಲ್ಲ. ಎರಡು ದಿನ ನಿಲ್ಲಿಸಿ ಮೂರನೇ ದಿನ ಬಿಟ್ಟರೆ ತಗ್ಗಿನಲ್ಲಿ ಇರುವವರಿಗೆ ಬೆಳಗ್ಗೆಯೇ ಸಿಗುತ್ತದೆ. ಗುಡ್ಡದ ಮೇಲಿನವರಿಗೂ ಲೈನಿನ ತುದಿಯಲ್ಲಿ ಇರುವವರಿಗೂ ಪೈಪ್ ತುಂಬಿ ಒತ್ತಡ ಬರುವಷ್ಟರಲ್ಲಿ ಮತ್ತೆ ನಿಲ್ಲಿಸುವ ಹೊತ್ತು. ಸುರತ್ಕಲ್ ಕಡೆಯ ಕಾಟಿಪಳ್ಳ, ಕೃಷ್ಣಾಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಣಂಬೂರಿನಲ್ಲಿ ಬಂದರಿಗೆಂದು ಮನೆ, ಗದ್ದೆ ಬಿಟ್ಟುಕೊಟ್ಟು ಬಂದವರ ಕಾಲನಿಗಳು ಅವು. ಬಾವಿ ಇದೆಯಲ್ಲ ಅನ್ನಬಹುದು. ಕಡಲ ಬದಿಯಲ್ಲಿ ಬೇಸಿಗೆಗೆ ಬಾವಿ ನೀರು ಉಪ್ಪಾಗುತ್ತದೆ. ಊರೊಳಗೆ ಮ್ಯಾನ್‌ಹೋಲ್ ಉಕ್ಕಿದರೆ ಪಕ್ಕದ ಬಾವಿಯ ಕಥೆ ಮುಗಿಯಿತು. ಬಾವಿಯೂ ಇಲ್ಲದ ಫ್ಲ್ಯಾಟ್‌ನವರು ಟ್ಯಾಂಕರ್ ತರಿಸಿಕೊಳ್ಳುತ್ತಾರೆ. ಬಾಡಿಗೆ ಲೈನ್‌ಮನೆಯವರು ಯಾರನ್ನು ಕೇಳುವುದು?

ಮನೆಮನೆಗೆ ಮೀಟರ್ ಹಾಕಿ 24 ಗಂಟೆ ನೀರು ಕೊಡುವ ಜಲಸಿರಿ ಯೋಜನೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ (ಎಡಿಬಿ) ಸಾಲದ್ದು. ಕೆಲಸ ಶುರುವಾಗಿ ವರ್ಷಗಳಾದವು. ಅಗೆದ ರಸ್ತೆಗಳನ್ನು ನೋಡಿದ್ದೇವೆ, 24 ಗಂಟೆಯ ನೀರನ್ನು ಇನ್ನೂ ಕಾಯುತ್ತಿದ್ದೇವೆ. ಇದಕ್ಕೆ ಮುಂಚೆ ಅದೇ ಬ್ಯಾಂಕಿನ ಸಾಲದ ಕುಡ್ಸೆಂಪ್ ಬಂದಿತ್ತು. ಆಗ ಹಾಕಿದ ಒಳಚರಂಡಿಯ ಗೋಳು ಹಳಬರಿಗೆ ಬಾಯಿಪಾಠ. ಹಾಗಿರುವಾಗ "ಜಲಸಿರಿ ನಮ್ಮ ವಾರ್ಡಿನಲ್ಲಿ ಎಲ್ಲಿವರೆಗೆ ಬಂತು, ಮೀಟರ್ ಹಾಕಿದ ಮೇಲೆ ಬಿಲ್ ಎಷ್ಟಾದೀತು" ಎಂಬ ಪ್ರಶ್ನೆಗೆ ಉತ್ತರ ಗೊತ್ತಿರುವ ಒಬ್ಬ ಆಕಾಂಕ್ಷಿಯೂ ನಮಗೆ ಸಿಗಲಿಲ್ಲ. ಒಬ್ಬರು ಮಾತ್ರ "ಅದು ನೋಡ್ಬೇಕು" ಎಂದು ಪ್ರಾಮಾಣಿಕವಾಗಿ ಹೇಳಿದರು. ಉಳಿದವರು ವಿಷಯ ಬದಲಿಸಿದರು.

ಕಸದ ಮಾತು ಇನ್ನೂ ಕಷ್ಟದ್ದು. 2019ರ ಆಗಸ್ಟ್‌ನ ಮಳೆಗೆ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತು. 27 ಕುಟುಂಬಗಳು ಮನೆ ಬಿಟ್ಟವು. ಅಲ್ಲಿ ರಾಶಿ ಬಿದ್ದದ್ದು ನಮ್ಮೆಲ್ಲರ ಅಡುಗೆಮನೆಯಿಂದ ಹೋದದ್ದೇ, ನಮ್ಮ ಮದುವೆ ಹಾಲ್‌ಗಳ ಬಿರಿಯಾನಿ ತಟ್ಟೆಗಳೂ ಅದರಲ್ಲಿ ಸೇರಿವೆ. ಒಣ ಕಸ ಶುಕ್ರವಾರ, ಹಸಿ ಕಸ ಉಳಿದ ದಿನ ಎಂಬ ನಿಯಮವನ್ನು ನಾವು ಎಷ್ಟು ಮನೆಗಳಲ್ಲಿ ಪಾಲಿಸುತ್ತೇವೆ? ಕಸದ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. "ಶುಲ್ಕ ತೆಗೆಸುತ್ತೇವೆ" ಎನ್ನುವವರು ಇದ್ದಾರೆ. ಶುಲ್ಕ ತೆಗೆದರೆ ಗಾಡಿಯ ಡೀಸೆಲ್‌ಗೂ ಪೌರಕಾರ್ಮಿಕರ ಸಂಬಳಕ್ಕೂ ದುಡ್ಡು ಎಲ್ಲಿಂದ ಎಂದು ಕೇಳಿದರೆ ಮಾತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಶುಲ್ಕ ಇರಲಿ. ಗಾಡಿ ಬಾರದ ಓಣಿಗೆ ಗಾಡಿ ಬರಿಸುತ್ತೇನೆ ಅನ್ನುವವರು ಹೆಚ್ಚು ನಂಬಿಕೆಗೆ ಅರ್ಹರು.

ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಅನ್ನುವವರ ಬಗ್ಗೆಯೂ ಒಂದು ಮಾತು. ಕರೆಂಟು ಮೆಸ್ಕಾಂನದ್ದು, ದರ ನಿಗದಿ ಮಾಡುವುದು ವಿದ್ಯುತ್ ನಿಯಂತ್ರಣ ಆಯೋಗ, 200 ಯೂನಿಟ್‌ವರೆಗಿನ ಉಚಿತ ರಾಜ್ಯ ಸರ್ಕಾರದ್ದು. ಹೆದ್ದಾರಿಯ ಹೊಂಡ ಹೆದ್ದಾರಿ ಪ್ರಾಧಿಕಾರದ್ದು. ಸುರತ್ಕಲ್ ಟೋಲ್ ಗೇಟ್ 2022ರ ಡಿಸೆಂಬರ್‌ನಲ್ಲಿ ನಿಂತದ್ದು ಜನರ ಹೋರಾಟದ ಫಲ. ಯಾವ ವಾರ್ಡಿನ ಅಭ್ಯರ್ಥಿಯೂ ಅದನ್ನು ತನ್ನ ಖಾತೆಗೆ ಬರೆದುಕೊಳ್ಳುವ ಹಾಗಿಲ್ಲ. ಕಾರ್ಪೊರೇಟರ್ ಕೈಯಲ್ಲಿ ಇರುವುದು ನೀರು, ಕಸ, ಒಳಚರಂಡಿ, ಮಳೆನೀರ ಚರಂಡಿ, ದಾರಿದೀಪ, ಒಳರಸ್ತೆ, ಮಾರ್ಕೆಟ್. ಸಣ್ಣ ಪಟ್ಟಿ ಅನ್ನಿಸಬಹುದು, ಆದರೆ ಬೆಳಗ್ಗೆ ಎದ್ದ ಕೂಡಲೇ ಬೇಕಾಗುವುದು ಇವೇ.

ಇನ್ನು ನಮ್ಮೊಳಗಿನ ಮಾತು. ಆಕಾಂಕ್ಷಿಗಳು ಬರುವುದು ಮಸೀದಿ ಗೇಟಿಗೆ, ಕಮಿಟಿಯ ಆಫೀಸಿಗೆ, ಹೋಟೆಲಿನ ಚಾ ಟೇಬಲ್‌ಗೆ. ಮೂರೂ ಕಡೆ ಇರುವುದು ಗಂಡಸರು. ನಳ್ಳಿಯಲ್ಲಿ ನೀರು ಬಂದದ್ದು ಎಷ್ಟು ಗಂಟೆಗೆ, ಎಷ್ಟು ಕೊಡ ತುಂಬಿತು, ಬಣ್ಣ ಹೇಗಿತ್ತು, ಕಸದ ಗಾಡಿ ಎಷ್ಟು ದಿನ ತಪ್ಪಿತು ಎಂಬ ಲೆಕ್ಕ ಇರುವುದು ಮನೆಯಲ್ಲಿ ಉಮ್ಮನ ಹತ್ತಿರ. ಅವರನ್ನು ಕೇಳಿದವರಿಲ್ಲ. ಹೀಗಾಗಿ ಇಂಟರ್‌ಲಾಕ್ ಪಟ್ಟಿಗೆ ಬಂತು, ನೀರು ಬರಲಿಲ್ಲ. ನಗರ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮವರೂ ನಿಲ್ಲುತ್ತಾರೆ, ಗೆಲ್ಲುತ್ತಾರೆ. ಆದರೆ ಪೋಸ್ಟರ್‌ನಲ್ಲಿ ಆಕೆಯ ಹೆಸರು, ಕೆಳಗೆ ಗಂಡನ ಫೋನ್ ನಂಬರ್! ಮೀಸಲಾತಿ ಪಟ್ಟಿ ಬಂದ ರಾತ್ರಿ ಆಕಾಂಕ್ಷಿಯ ಜಾಗದಲ್ಲಿ ಆಕಾಂಕ್ಷಿಯ ಹೆಂಡತಿ ಬಂದು ಕೂರುವುದನ್ನು ಈ ಸಲವೂ ನೋಡಲಿದ್ದೇವೆ.

ಸರಿಪಡಿಸಲು ದಾರಿ ಇಲ್ಲದೇ ಇಲ್ಲ. ಕರ್ನಾಟಕ ಪೌರನಿಗಮ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶ ಇದೆ. ನಾಗರಿಕರು ಪಟ್ಟು ಹಿಡಿದು, ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಮಂಗಳೂರಿನಲ್ಲಿ ಈ ಸಮಿತಿಗಳು ಬಂದವು. ಅಧ್ಯಕ್ಷತೆ ಕಾರ್ಪೊರೇಟರ್‌ದು, ಸದಸ್ಯರಲ್ಲಿ ಮಹಿಳೆಯರಿಗೆ ಸ್ಥಾನ ಇರಲೇಬೇಕು. ಕೆಲವು ವಾರ್ಡುಗಳಲ್ಲಿ ಸಭೆ ನಡೆಯಿತು, ಹಲವೆಡೆ ಹೆಸರಿಗಷ್ಟೇ. ಸಮಿತಿಗೆ ಅರ್ಜಿ ಹಾಕಿ ಎಂದಾಗ ನಮ್ಮ ಮೊಹಲ್ಲಾಗಳಿಂದ ಎಷ್ಟು ಅರ್ಜಿ ಹೋಗಿತ್ತು ಎಂದು ನಾವು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಮುಂದಿನ ಶುಕ್ರವಾರ ಕೈ ಹಿಡಿದವರಿಗೆ ಸಲಾಂ ಮರಳಿಸಿ, ಖಂಡಿತ. ಆ ಮೇಲೆ ಕೇಳಿ: ವಾರ್ಡ್ ಸಮಿತಿಯ ಸಭೆ ಯಾವ ದಿನ ಇಡುತ್ತೀರಿ, ಎಲ್ಲಿ ಇಡುತ್ತೀರಿ, ಹೆಂಗಸರು ಬಂದು ಕೂರುವ ಜಾಗವಾ? ನೀರು ಬಿಡುವ ವೇಳಾಪಟ್ಟಿಯನ್ನು ಓಣಿಯ ತುದಿಯಲ್ಲಿ ಅಂಟಿಸುತ್ತೀರಾ? ಮಸೀದಿಯ ನೋಟಿಸ್ ಬೋರ್ಡ್ ಬೇಕಾದರೆ ಕಮಿಟಿಯವರು ಜಾಗ ಕೊಟ್ಟಾರು. ಮತ್ತೆ, ಅವರ ಹೆಂಡತಿ ನಿಲ್ಲುವುದಾದರೆ, ಫೋನ್ ನಂಬರ್ ಅವರದ್ದೇ ಕೊಡಲಿ.