ಮೊದಲು ಏನೂ ಇಲ್ಲದ್ದನ್ನು ಅಳೆಯಲಿ

ಮುಳಬಾಗಿಲು ಕಡೆಯ ಭಜನೆಯವರು ಕಳೆದ ತಿಂಗಳು ಕೋಲಾರದ ನನ್ನ ರಿಪೇರಿ ಅಂಗಡಿಗೆ ಆಂಪ್ಲಿಫೈಯರ್ ಹೊತ್ತು ತಂದರು. ಬೇರೆ ಕಡೆ ಎರಡು ಸಲ ಐಸಿ ಹಾಕಿಸಿ, ಕೊನೆಗೆ 'ಬೋರ್ಡೇ ಹೋಗಿದೆ' ಅನ್ನಿಸಿಕೊಂಡಿದ್ದರು. ಇನ್‌ಪುಟ್‌ಗೆ ಮೀಟರ್ ಹಿಡಿದರೆ ನನಗೂ ಅಂಕಿ ಕುಣಿಯಿತು. ಟ್ಯೂಬ್‌ಲೈಟ್ ಆರಿಸಿದೆ. ಮೀಟರಿನ ಎರಡೂ ವೈರನ್ನು ಹಗ್ಗದಂತೆ ಹೊಸೆದೆ. ಕಪ್ಪು ವೈರನ್ನು ಕ್ರೊಕೊಡೈಲ್ ಕ್ಲಿಪ್ಪಿನಿಂದ ಬೋರ್ಡಿನ ಗ್ರೌಂಡಿಗೇ ಕಚ್ಚಿಸಿದೆ. ಕುಣಿತ ನಿಂತಿತು. ದೋಷವಿದ್ದದ್ದು ಮೈಕ್ ಜ್ಯಾಕಿನ ಬೆಸುಗೆಯಲ್ಲಿ.

ನಮ್ಮ ಐಟಿಐ, ಪಾಲಿಟೆಕ್ನಿಕ್ ಮುಗಿಸಿ ಬರುವ ಹುಡುಗರಿಗೆ ಡಯಲ್ ತಿರುಗಿಸಲು ಬರುತ್ತದೆ, ಅಂಕಿಯನ್ನು ಅನುಮಾನಿಸಲು ಬರುವುದಿಲ್ಲ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಗೋಡೆಯಲ್ಲಿ ಹರಿಯುವುದು 230 ವೋಲ್ಟ್, 50 ಹರ್ಟ್ಸ್. ಡಿಜಿಟಲ್ ಮೀಟರಿನ ಒಳತಡೆ ಸಾಮಾನ್ಯವಾಗಿ 10 ಮೆಗಾಓಮ್, ಹಾಗಾಗಿ ಸುಮ್ಮನೆ ತೂಗುವ ವೈರೂ ಆಂಟೆನಾ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಅಳೆಯುವಾಗ ಬೋರ್‌ವೆಲ್ ಸ್ಟಾರ್ಟರ್ 'ಟಕ್' ಅಂದರೆ ಅಂಕಿಯೂ ಹಾರಿದ್ದನ್ನು ಕಂಡಿದ್ದೇನೆ.

ಮೊದಲ ಪಾಠವೇ ಹೀಗಿರಲಿ: ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸು, ಏನು ತೋರಿಸುತ್ತದೆ ಬರೆದುಕೋ, ಬಿಡಿಸು, ಮತ್ತೆ ಬರೆದುಕೋ. ಡಿಸಿ ಅಳೆಯುವಾಗ ಇನ್ನೂ ಅಲುಗಿದರೆ 100 ಕಿಲೋಓಮ್ ರೆಸಿಸ್ಟರನ್ನು ಕೆಂಪು ವೈರಿನ ಸಾಲಿಗೆ, 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಮೀಟರಿಗೆ ಅಡ್ಡವಾಗಿ ಹಾಕಿ. 50 ಹರ್ಟ್ಸ್ ಗಲಾಟೆ ಸುಮಾರು ಮೂವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ರೀಡಿಂಗು ಒಂದೇ ಪರ್ಸೆಂಟ್ ಕಡಿಮೆ ಬರುತ್ತದೆ. ರೆಸಿಸ್ಟರನ್ನು ತುದಿಯ ಹತ್ತಿರವೇ ಬೆಸೆದರೆ ಉದ್ದದ ವೈರು ತಾಗಿ ಸರ್ಕ್ಯೂಟ್ ಕಿರುಚಿಕೊಳ್ಳುವುದೂ ತಪ್ಪುತ್ತದೆ.

ಬೇಡದ್ದನ್ನು ಹೊರಗಿಟ್ಟು ಅಳೆಯುವುದು ಈ ಜಿಲ್ಲೆಗೆ ಹೊಸದಲ್ಲ. ಕಾಸ್ಮಿಕ್ ಕಿರಣಗಳ ಗದ್ದಲ ತಪ್ಪಿಸಲು ವಿಜ್ಞಾನಿಗಳು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕಿಳಿದು, 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ನಮ್ಮ ಹುಡುಗರು ಟ್ಯೂಬ್‌ಲೈಟ್ ಆರಿಸಿದರೆ ಸಾಕು.

ಒಂದು ಸಿಟ್ಟೂ ಇದೆ. ಗುಂಯ್‌ಗುಡುವುದು ನಿಲ್ಲಲಿ ಅಂತ ಮೂರು ಪಿನ್ನಿನ ಅರ್ಥ್ ಕತ್ತರಿಸುವವರು ಮಾಲೂರಿನಲ್ಲೂ ಇದ್ದಾರೆ, ನಮ್ಮ ಬೀದಿಯಲ್ಲೂ ಇದ್ದಾರೆ. ಜಾತ್ರೆಯಲ್ಲಿ ಒದ್ದೆ ಕೈಯಿಂದ ಮೈಕ್ ಹಿಡಿಯುವವನ ಪ್ರಾಣ ಆ ಪಿನ್ನಿನಲ್ಲಿದೆ. ಇದನ್ನು ತರಗತಿಯಲ್ಲೇ ಗದರಿಸಿ ಹೇಳಬೇಕು.

ಭಜನೆಯವರ ಹತ್ತಿರ ಬೆಸುಗೆಯ ಕಾಸಷ್ಟೇ ತಗೊಂಡೆ. ಆ ಎರಡು ಐಸಿಗಳ ಬಿಲ್ಲನ್ನು ಅವರು ಇನ್ನೂ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.