ಗಾಂಜಾಕ್ಕೆ ಅಂಗಡಿಯೂ ಬೇಡ, ಈ ಶಿಕ್ಷೆಯೂ ಬೇಡ

ಸರ್ಕಾರವೇ ಮದ್ಯ ಮಾರುವಾಗ ಗಾಂಜಾ ಏಕೆ ಅಪರಾಧ ಎಂದು ಕಾನೂನು ಸಡಿಲಿಸಬೇಕೆನ್ನುವವರು ಕೇಳುತ್ತಾರೆ. ನಿಜ, ಎಂಎಸ್‌ಐಎಲ್ ಮಳಿಗೆಗಳಲ್ಲಿ ಸರ್ಕಾರ ಮದ್ಯ ಮಾರುತ್ತಿದೆ. ಅದರ ಫಲವೇನೆಂದು ಹೊನ್ನಾಳಿ, ನ್ಯಾಮತಿಯ ಕೂಲಿ ಹೆಂಗಸರನ್ನು ಕೇಳಿ ನೋಡಿ. ಒಂದು ಕೆಡುಕು ಇನ್ನೊಂದಕ್ಕೆ ಪರವಾನಗಿಯಾದೀತೇ?

ಹಾಗೆಂದು ಈಗಿನ ಕಾನೂನು ನ್ಯಾಯವೆನ್ನಲಾಗದು. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಹೂವಿನ ತುದಿ ಮಾತ್ರ ಗಾಂಜಾ, ಬರೀ ಎಲೆಯಲ್ಲ. ಆದ್ದರಿಂದಲೇ ಉತ್ತರದ ಕೆಲವೆಡೆ ಭಾಂಗ್ ಪರವಾನಗಿ ಪಡೆದ ಅಂಗಡಿಯಲ್ಲೇ ಸಿಗುತ್ತದೆ! ಇತ್ತ ಜಗಳೂರಿನ ಮೆಕ್ಕೆಜೋಳದ ನಡುವೆಯೋ ಚನ್ನಗಿರಿಯ ಅಡಿಕೆ ತೋಟದಲ್ಲೋ ನಾಲ್ಕು ಗಿಡ ಬೆಳೆದು ಸಿಕ್ಕಿಬಿದ್ದ ಬಡ ರೈತನಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಗಿಡ ಕಿತ್ತು ಸುಡಲಿ, ಬೇಡವೆನ್ನುವವರಿಲ್ಲ. ಆದರೆ ಒಂದು ಕುಟುಂಬವನ್ನೇ ಕಿತ್ತೆಸೆಯಬೇಕೇ?

ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಕಲಮು ಇದೇ ಕಾಯ್ದೆಯಲ್ಲಿದೆ. ಆ ಚಿಕಿತ್ಸೆ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಸಿಗುತ್ತದೆಂದು ಸರ್ಕಾರ ಮೊದಲು ಹೇಳಲಿ.