ಕಡಲಿನ ಖಾತೆ ಬರೆದವರಾರು, ಬಾಕಿ ತೆತ್ತವರಾರು?

ವರ್ಷಕ್ಕೊಮ್ಮೆ ದಾಸ್ತಾನು ಎಣಿಸದ ವ್ಯಾಪಾರಿಯ ಅಂಗಡಿ ಬಹುಕಾಲ ನಿಲ್ಲದು. ಇಂದು ಎಷ್ಟಿದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತದೆ, ಬರುವ ದೀಪಾವಳಿಗೆ ಎಷ್ಟು ಉಳಿದೀತು ಎಂದು ನೋಡಿಕೊಂಡೇ ಅವನು ಹೊಸ ಮಾಲು ತರಿಸುತ್ತಾನೆ. ಕಾಡು, ನದಿ, ಕಡಲುಗಳ ವಿಷಯದಲ್ಲಿಯೂ ಸರಕಾರಗಳು ಈಗ ಇಂತಹುದೇ ಲೆಕ್ಕ ಹಾಕಿಸುತ್ತಿವೆ. ಇಂದು ಇರುವ ಗಿಡಮರ, ಮೃಗಪಕ್ಷಿ, ಮೀನುಗಳೆಷ್ಟು? ಹೀಗೆಯೇ ನಡೆದರೆ ಮೂವತ್ತು ವರ್ಷದ ಮೇಲೆ ಉಳಿಯುವುದೆಷ್ಟು? ನಾವು ದಾರಿ ಬದಲಿಸಿದರೆ ಎಷ್ಟು? ಇದನ್ನು ಗಣಿತದ ಸೂತ್ರಗಳಲ್ಲಿ ಕಟ್ಟಿ ಹೇಳುವುದಕ್ಕೆ ವಿಜ್ಞಾನಿಗಳು 'ಮಾದರಿ' ಎನ್ನುತ್ತಾರೆ. ಜೀವವೈವಿಧ್ಯವನ್ನು ಕುರಿತು 2012ರಲ್ಲಿ ಸ್ಥಾಪನೆಯಾದ, ಭಾರತವೂ ಸದಸ್ಯನಾಗಿರುವ ಅಂತರಸರಕಾರಿ ವೇದಿಕೆಯು 2016ರಲ್ಲಿ ಈ ಮಾದರಿಗಳ ಬಗ್ಗೆಯೇ ಒಂದು ದೊಡ್ಡ ವರದಿಯನ್ನು ಹೊರಡಿಸಿತು.

ಇಂತಹ ಲೆಕ್ಕ ಬೇಕೇ ಬೇಕು. ಕಣ್ಣು ಮುಚ್ಚಿ ನಡೆಯುವುದಕ್ಕಿಂತ ಲಾಂದ್ರ ಹಿಡಿದು ನಡೆಯುವುದು ಲೇಸು. ಆದರೆ ಲೆಕ್ಕ ತಪ್ಪಿದ ದಿನ ದಂಡ ತೆರುವವರು ಯಾರು ಎಂಬ ಪ್ರಶ್ನೆಯನ್ನು ದುಡಿಯುವ ಜನ ಕೇಳಲೇಬೇಕು. ಅದಕ್ಕೆ ಸ್ಪಷ್ಟವಾದ ಉತ್ತರ ಕೆನಡಾ ದೇಶದ ಪೂರ್ವದಂಚಿನ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ದೊರೆಯುತ್ತದೆ.

ಆ ದ್ವೀಪದ ಸುತ್ತ 'ಕಾಡ್' ಎಂಬ ಮೀನು ಹೇರಳವಾಗಿತ್ತು. 1497ರಲ್ಲಿ ಜಾನ್ ಕ್ಯಾಬಟ್ ಆ ಕಡೆ ಹಡಗು ನಡೆಸಿದ ಮೇಲೆ ಐದು ಶತಮಾನ ಕಾಲ ಯೂರೋಪಿನ ಪೇಟೆಗಳಿಗೆ ಅಲ್ಲಿಂದ ಮೀನು ಹರಿಯಿತು. ತೀರದ ಹಳ್ಳಿಗಳು ಅದರಿಂದಲೇ ಬದುಕಿದವು. 1950ರ ದಶಕದ ನಂತರ ಪರದೇಶಗಳ ಕಾರ್ಖಾನೆ ಹಡಗುಗಳು ಬಂದವು; ಬಲೆ ಎಳೆದು, ಮೀನು ಸೀಳಿ, ಹಿಮಗಟ್ಟಿಸುವ ಕೆಲಸವೆಲ್ಲ ಹಡಗಿನೊಳಗೇ ನಡೆಯತೊಡಗಿತು. 1968ರ ಒಂದೇ ವರ್ಷದಲ್ಲಿ ಸುಮಾರು 8 ಲಕ್ಷ ಟನ್ ಮೀನು ಬಲೆಗೆ ಬಿತ್ತು. ಅಷ್ಟೊಂದು ಹಿಂದೆ ಎಂದೂ ಬಿದ್ದಿರಲಿಲ್ಲ, ಮುಂದೆಯೂ ಬೀಳಲಿಲ್ಲ.

1977ರಲ್ಲಿ ಕೆನಡಾ ಸರಕಾರ ತೀರದಿಂದ 200 ಮೈಲಿಯ ಕಡಲು ತನ್ನದೆಂದು ಸಾರಿ ಪರದೇಶದ ಹಡಗುಗಳನ್ನು ದೂರ ಸರಿಸಿತು. ಅವುಗಳ ಜಾಗಕ್ಕೆ ಸ್ವದೇಶದ ಕಂಪನಿಗಳ ಟ್ರಾಲರ್ ಹಡಗುಗಳು ಬಂದವು. ಹಿಡಿಯುವ ಗಾತ್ರದ ಮೀನಿನಲ್ಲಿ ವರ್ಷಕ್ಕೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬ ಅಂದಾಜಿನಲ್ಲಿ ನೀತಿ ರೂಪಿಸಲಾಯಿತು. ಅಸಲಿಗೆ ಕೈ ಹಾಕದೆ ಬಡ್ಡಿಯಲ್ಲಿ ಬದುಕಬೇಕೆಂಬ ಈ ನಿಯಮ ಒಳ್ಳೆಯದೇ. ಆದರೆ ಅಸಲು ಎಷ್ಟೆಂದು ತಿಳಿಯದೆ ಬಡ್ಡಿಯ ಲೆಕ್ಕ ಹಾಕುವುದು ಹೇಗೆ?

ತಪ್ಪು ನುಸುಳಿದ್ದು ಇಲ್ಲಿಯೇ. ಸರಕಾರದ ವಿಜ್ಞಾನಿಗಳು ತಮ್ಮ ಸಮೀಕ್ಷಾ ಹಡಗಿನ ಅಂಕಿಗಳ ಜೊತೆಗೆ ಕಂಪನಿಗಳ ಟ್ರಾಲರುಗಳು ಗಂಟೆಗೆ ಎಷ್ಟು ಮೀನು ಹಿಡಿಯುತ್ತವೆ ಎಂಬುದನ್ನೂ ಮಾದರಿಯಲ್ಲಿ ಸೇರಿಸಿದರು. ಆ ಹಿಡಿತ ಇಳಿಯಲಿಲ್ಲ. ಆದ್ದರಿಂದ ಕಡಲು ತುಂಬಿಯೇ ಇದೆ ಎಂದು ಲೆಕ್ಕ ಹೇಳಿತು. ಕಾಡ್ ಮೀನಾದರೋ ಸಂಖ್ಯೆ ಕಡಿಮೆಯಾದಾಗಲೂ ಒತ್ತಾಗಿ ಗುಂಪುಗೂಡುವ ಜಾತಿ. ಯಂತ್ರದ ಕಣ್ಣಿನಿಂದ ಗುಂಪು ಎಲ್ಲಿದ್ದರೂ ಪತ್ತೆ ಹಚ್ಚುವ ಟ್ರಾಲರಿಗೆ ಕೊನೆಯ ಗುಂಪು ಸಿಗುವ ತನಕವೂ ಬಲೆ ತುಂಬುತ್ತಲೇ ಇರುತ್ತದೆ. ಮೂಟೆ ಹೊರುವ ಆಳು ಎಷ್ಟು ಬೇಗ ಹೊರಗೆ ತರುತ್ತಾನೆಂಬುದನ್ನು ನೋಡಿ ಗೋದಾಮು ತುಂಬಿದೆ ಎಂದುಕೊಂಡಂತಾಯಿತು. ಕೊನೆಯ ಮೂಟೆಯನ್ನೂ ಅವನು ಅಷ್ಟೇ ಬೇಗ ತರುವನಲ್ಲವೇ?

ಕಡಲು ಬರಿದಾಗುತ್ತಿದ್ದುದನ್ನು ಮೊದಲು ಕಂಡವರು ತೀರದ ಸಣ್ಣ ದೋಣಿಯವರು. ಅವರು ಮೀನನ್ನು ಬೆನ್ನಟ್ಟಿ ಹೋಗುವವರಲ್ಲ. ದಡದ ಬಳಿ ಬಲೆ ಒಡ್ಡಿ ಮೀನು ಬರುವುದನ್ನು ಕಾಯುವವರು. ಮೀನು ಬರುವುದು ಕಡಿಮೆಯಾಗಿದೆ, ಬಂದದ್ದೂ ಸಣ್ಣದಾಗಿದೆ ಎಂದು 1980ರ ದಶಕದ ನಡುವಿನಿಂದಲೇ ಅವರು ಕೂಗಿಕೊಂಡರು. ಸರಕಾರ ಕಿವಿಗೊಡದಿದ್ದಾಗ ಅವರ ಸಂಘ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳಿಂದ ಸರಕಾರದ ಲೆಕ್ಕವನ್ನು ಪರೀಕ್ಷೆ ಮಾಡಿಸಿತು. ದಾಸ್ತಾನನ್ನು ಹೆಚ್ಚಾಗಿ ಅಂದಾಜು ಮಾಡಲಾಗಿದೆ ಎಂದು ಅವರು 1986ರಲ್ಲಿ ಹೇಳಿದರು. ಓದು ಬರಹ ಕಡಿಮೆಯಿದ್ದ ಬೆಸ್ತರ ಮಾತು ಅಂಕಿಯಲ್ಲವೆಂದು ಬದಿಗೆ ಬಿದ್ದಿತ್ತು. ಕಂಪನಿಯ ದಿನಚರಿ ಮಾತ್ರ ಅಂಕಿಯಾಗಿತ್ತು!

ಕಡೆಗೆ 1989ರಲ್ಲಿ ಸರಕಾರದ ವಿಜ್ಞಾನಿಗಳೇ ತಮ್ಮ ಲೆಕ್ಕವನ್ನು ತಿದ್ದಿದರು. ನೀತಿಯಂತೆ ನಡೆಯುವುದಾದರೆ ಆ ವರ್ಷ 1,25,000 ಟನ್ನಿಗಿಂತ ಹೆಚ್ಚು ಹಿಡಿಯಕೂಡದೆಂದರು. ಮಂತ್ರಿಗಳು 2,35,000 ಟನ್ ಎಂದು ಗೊತ್ತುಮಾಡಿದರು. ಕಾರಣ? ಒಮ್ಮೆಲೇ ಅಷ್ಟು ಕಡಿತ ಮಾಡಿದರೆ ಕಾರ್ಖಾನೆಗಳು ಮುಚ್ಚುತ್ತವೆ, ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು.

ಮಿಲ್ಲಿನ ಗೆಳೆಯರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕೆಲಸ ಉಳಿಸುವ ಹೆಸರಿನಲ್ಲಿ ಆದ ನಿರ್ಣಯವಿದು. ಕೇಳಲು ಹಿತವಾಗಿಯೇ ಇತ್ತು. ಅದರ ಫಲವನ್ನು ನೋಡೋಣ. 1992ರ ಜುಲೈ 2ರಂದು ಮೀನುಗಾರಿಕೆಯ ಮಂತ್ರಿ ಜಾನ್ ಕ್ರಾಸ್ಬಿ ಆ ಕಡಲಿನಲ್ಲಿ ಕಾಡ್ ಹಿಡಿಯುವುದನ್ನೇ ನಿಷೇಧಿಸಿದರು. ಬಲೆ ಎಳೆಯುವವರು, ಕಾರ್ಖಾನೆಯಲ್ಲಿ ಮೀನು ಸೀಳುವ ಹೆಂಗಸರು, ಎಲ್ಲ ಸೇರಿ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಮೂರು ವರ್ಷ ಕೆಲಸ ಉಳಿಸಲು ಹೋಗಿ ಮೂರು ತಲೆಮಾರಿನ ಕಸುಬು ಹೋಯಿತು. ಪರಿಹಾರ ಧನ ಬಂದದ್ದುಂಟು; 1994ರಲ್ಲಿ ಐದು ವರ್ಷಕ್ಕೆಂದು ಆರಂಭಿಸಿದ ಯೋಜನೆ ಹಣ ಸಾಲದೆ 1998ಕ್ಕೇ ಮುಗಿಯಿತು. 1991ರಲ್ಲಿ ಸುಮಾರು 5,68,000 ಇದ್ದ ಆ ಪ್ರಾಂತದ ಜನಸಂಖ್ಯೆ 2001ಕ್ಕೆ 5,13,000ಕ್ಕೆ ಇಳಿಯಿತು. ಊರಿಗೆ ಊರೇ ಗುಳೆ ಹೋದ ಕಥೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷಕ್ಕೆಂದು ಹೇರಿದ ನಿಷೇಧ ಪೂರ್ತಿ ತೆರವಾದದ್ದು 2024ರಲ್ಲಿ. ನಡುವೆ ತೀರದವರಿಗೆ ಅಲ್ಪಸ್ವಲ್ಪ ಹಿಡಿಯಲು ಬಿಟ್ಟದ್ದುಂಟು. 2024ಕ್ಕೆ ಗೊತ್ತುಮಾಡಿದ ಪ್ರಮಾಣ 18,000 ಟನ್. ಅದರ ಹಿಂದಿನ ವರ್ಷ ಸರಕಾರದ ವಿಜ್ಞಾನಿಗಳು ಮಾದರಿಯನ್ನು ಪರಿಷ್ಕರಿಸಿದ್ದರು; ಅದರಿಂದಲೇ ಮೀನಿನ ಸ್ಥಿತಿ 'ಅಪಾಯ'ದ ಮಟ್ಟದಿಂದ 'ಎಚ್ಚರಿಕೆ'ಯ ಮಟ್ಟಕ್ಕೆ ಏರಿತು. ಕಡಲಿನಲ್ಲಿ ಮೀನು ಒಮ್ಮೆಗೇ ಹೆಚ್ಚಲಿಲ್ಲ. ಅಳೆಯುವ ಕೋಲು ಬದಲಾಯಿತು. ಹೊಸ ಕೋಲು ಹಳೆಯದಕ್ಕಿಂತ ಸರಿಯಾಗಿರಬಹುದು. ಆದರೆ ಕೋಲು ಹಿಡಿದವರ ಕೈಯಲ್ಲಿ ಎಷ್ಟು ಜನರ ಅನ್ನವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಇದು ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ತೆರುತ್ತಿದ್ದ ಬೆಲೆಗೂ ಅದಕ್ಕೂ ಅಜಗಜಾಂತರ. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ನಂಬಿಕೆಯಾಗಿತ್ತು. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನಕರು ಮೇಯುತ್ತವೆ ಎಂದು ಹಳ್ಳಿಗರು ಹೇಳುತ್ತಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ 1970ರ ದಶಕದಲ್ಲಿ ಕಾಡಿನಲ್ಲೇ ನಿಂತು ನೋಡಿದಾಗ ಹಳ್ಳಿಗರ ಮಾತೇ ನಿಜವಾಗಿತ್ತು. ಅಷ್ಟರಲ್ಲಿ ಬಿದಿರು ಸೊರಗಿತ್ತು. ಕಾರ್ಖಾನೆ ದೂರದ ರಾಜ್ಯಗಳ ಬಿದಿರಿಗೆ ಕೈ ಚಾಚಬೇಕಾಯಿತು. ಮೇದರು ಎಲ್ಲಿಗೆ ಕೈ ಚಾಚಬೇಕಿತ್ತು?

ಹಾಗಾದರೆ ಮಾದರಿಗಳನ್ನು ಗಾಳಿಗೆ ತೂರಬೇಕೇ? ಸರ್ವಥಾ ಕೂಡದು. ಲೆಕ್ಕವೇ ಇಲ್ಲದಿದ್ದರೆ ಬಲವಿದ್ದವನು ದೋಚುತ್ತಾನೆ. ನಾವು ಕೇಳುವುದು ಸರಿಯಾದ ಲೆಕ್ಕವನ್ನು, ಬಯಲಿನಲ್ಲಿ ಇಡುವ ಲೆಕ್ಕವನ್ನು.

ಮೊದಲನೆಯದು, ಯಾವ ಮುನ್ನಂದಾಜಿನಲ್ಲಿಯೂ ಒಂದೇ ಅಂಕಿ ಕೊಡಬಾರದು. ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು ಎಂದು ಎರಡನ್ನೂ ಜನರ ಭಾಷೆಯಲ್ಲಿ ಪ್ರಕಟಿಸಬೇಕು, ಕಡಿಮೆಯದನ್ನು ನೋಡಿ ಖರ್ಚು ಮಾಡಬೇಕು. ಎರಡನೆಯದು, ಕಡಲಿನ ಲೆಕ್ಕದಲ್ಲಿ ಬೆಸ್ತನೂ ಕಾಡಿನ ಲೆಕ್ಕದಲ್ಲಿ ಮೇದನೂ ಕುಳಿತಿರಬೇಕು. ಸ್ಥಳೀಯರ ಅರಿವನ್ನು ಸೇರಿಸಿಕೊಳ್ಳಬೇಕೆಂದು 2016ರ ವರದಿಯೂ ಹೇಳುತ್ತದೆ. ಮೂರನೆಯದು, ಹಿಂದೆ ಹಾಕಿದ ಲೆಕ್ಕ ನಿಜವಾಯಿತೇ ಎಂದು ವರ್ಷವರ್ಷವೂ ತಾಳೆ ನೋಡಬೇಕು. ನಾಲ್ಕನೆಯದು, ಕಾಡನ್ನಾಗಲಿ ಕಡಲನ್ನಾಗಲಿ ಉಳಿಸಲು ಕಡಿತ ಮಾಡಬೇಕಾದಾಗ ಕೆಲಸ ಹೋಗುವವರ ಅನ್ನದ ಏರ್ಪಾಡನ್ನು ಆ ಆಜ್ಞೆಯಲ್ಲಿಯೇ ಬರೆಯಬೇಕು. ಇದಿಲ್ಲದಿದ್ದರೆ ಕಾರ್ಮಿಕ ಕಡಿತವನ್ನು ಎದುರಿಸುತ್ತಾನೆ, ಮಂತ್ರಿ ಅವನ ಹೆಸರು ಹೇಳಿ ಮುಂದೂಡುತ್ತಾನೆ, ಮುಂದೂಡಿದ ಲಾಭ ಕಂಪನಿಗೆ ಸೇರುತ್ತದೆ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ನಮ್ಮ ಹೊಳೆಯ ನೀರು, ನಮ್ಮ ಬೆಟ್ಟದ ಮರ, ನಮ್ಮ ಕರಾವಳಿಯ ಮೀನು, ಇವುಗಳ ಖಾತೆ ಪುಸ್ತಕವನ್ನು ಯಾರು ಬರೆಯುತ್ತಿದ್ದಾರೆ, ಯಾರ ಅಂಕಿಗಳಿಂದ ಬರೆಯುತ್ತಿದ್ದಾರೆ ಎಂದು ಇಂದೇ ಕೇಳೋಣ. ಬಾಕಿ ತೆರಬೇಕಾದವರು ನಾವಾದ ಮೇಲೆ ಪುಸ್ತಕ ನೋಡುವ ಹಕ್ಕೂ ನಮ್ಮದೇ.